ನೇರಳೆ ಮರದ ಕೆಳಗಿನ ಕಾರು

ನನ್ನ ಅಪ್ಪ ಭದ್ರಾವತಿಯ ಒಂದು ಸಣ್ಣ ಕ್ರೈಸ್ತ ಸಭೆಗೆ ಪಾಲಕನಾಗಿದ್ದ. ಜನ ಅವನನ್ನು ಅಯ್ಯನವರೇ ಎಂದು ಕರೆಯುತ್ತಿದ್ದರು. ಸಭೆಯಲ್ಲಿದ್ದವರು ಹೆಚ್ಚಾಗಿ ಕಾರ್ಖಾನೆಯಿಂದ ನಿವೃತ್ತರಾದವರು, ಅವರ ಮಕ್ಕಳು, ಸೊಸೆಯರು. ಅರ್ಧ ಜನ ಮನೆಯಲ್ಲಿ ತಮಿಳು ಮಾತಾಡುತ್ತಿದ್ದರು, ಕೆಲವರು ತೆಲುಗು. ಅಮ್ಮನೂ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ ಹುಟ್ಟಿ ಬೆಳೆದವಳು. ನಮ್ಮೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದಳು, ದೇವರೊಂದಿಗೆ ಮಾತ್ರ ತಮಿಳಿನಲ್ಲಿ. ಚಿಕ್ಕವಳಿದ್ದಾಗ ದೇವರು ತಮಿಳುನಾಡಿನ ಕಡೆಯವನು ಎಂದೇ ನಾನು ನಂಬಿದ್ದೆ.

ಚರ್ಚಿನ ಹಿಂದೆಯೇ ನಮ್ಮ ಮನೆ. ಅಂಗಳದಲ್ಲಿ ದೊಡ್ಡದೊಂದು ನೇರಳೆ ಮರ. ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದಾಗ, ಒಂದು ಬೇಸಿಗೆಯ ಸಂಜೆ ಕಾಲೇಜು ಮುಗಿಸಿ ಬಸ್ಸಿಳಿದು ಮನೆಗೆ ಬಂದರೆ ಆ ಮರದ ಕೆಳಗೆ ಬಿಳಿ ಕಾರೊಂದು ನಿಂತಿತ್ತು. ಎಲೆಗಳ ಸಂದಿಯಿಂದ ಇಳಿದ ಬಿಸಿಲು ಅದರ ಮೇಲೆ ಮೀನಿನ ಮರಿಗಳ ಹಾಗೆ ಆಡುತ್ತಿತ್ತು. ಅಪ್ಪ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು, ಯಾರದೋ ಮನೆಯ ಮದುವೆಗೆ ತಪ್ಪಿ ಬಂದವನ ಹಾಗೆ ನಿಂತಿದ್ದ. ಹಿಂದಿನ ಸೀಟಿನಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಕಾರು ನಿಂತೇ ಇತ್ತು, ಆದರೆ ಅವಳ ಮುಖ ಎಲ್ಲೋ ದೂರ ಪ್ರಯಾಣ ಮಾಡುತ್ತಿರುವವರ ಮುಖದಂತಿತ್ತು.

"ಯಾರ ಕಾರು ಅಪ್ಪ?" ಅಂದೆ.

"ನಮ್ದಂತೆ," ಅಂದ ಅಪ್ಪ. ಕಾರು ನಮ್ಮಲ್ಲಿದ್ದಷ್ಟು ದಿನ ಅವನು ಆ 'ಅಂತೆ'ಯನ್ನು ಬಿಡಲಿಲ್ಲ.

ಕಾರು ಕೊಟ್ಟವರು ಶಿವಮೊಗ್ಗದವರು. ನಾನು ಅವರನ್ನು ಟಿಪ್ಪರ್ ಅಂಕಲ್ ಎನ್ನುತ್ತಿದ್ದೆ. ಒಂದು ಕಾಲದಲ್ಲಿ ಅವರು ಬಾಡಿಗೆ ಕಾರಿನ ಡ್ರೈವರ್. ಆಗ ಭದ್ರಾವತಿಯಲ್ಲೇ ಇದ್ದರು; ಕುಡಿದು ಮೋರಿ ಪಕ್ಕ ಬಿದ್ದಿದ್ದವರನ್ನು ಅಪ್ಪ ಎಬ್ಬಿಸಿ, ಮನೆಗೆ ಕರೆತಂದು, ಅಮ್ಮನ ಕೈಯಲ್ಲಿ ಗಂಜಿ ಕೊಡಿಸಿ ಮಲಗಿಸಿದ್ದನಂತೆ. ಆಮೇಲೆ ಕುಡಿತ ಬಿಟ್ಟರು, ಸಭೆಗೆ ಸೇರಿದರು, ಮದುವೆಯಾಯಿತು. ಶಿವಮೊಗ್ಗದ ಸುತ್ತ ಲೇಔಟುಗಳು ಏಳುತ್ತಿದ್ದ ಸಮಯ ಅದು. ಮಣ್ಣು, ಜಲ್ಲಿ ಹೊಡೆಯುವ ಕೆಲಸ ಹಿಡಿದರು. ಒಂದು ಟಿಪ್ಪರ್ ಲಾರಿ ಹೋಗಿ ಹಲವಾದವು. ರಾಗಿಗುಡ್ಡದ ಇಳಿಜಾರಿನಲ್ಲಿ ದೊಡ್ಡ ಮನೆ ಕಟ್ಟಿ, ಗೇಟಿನ ಕಂಬಕ್ಕೆ 'ಕರ್ತನ ಕೊಡುಗೆ' ಎಂದು ಕಪ್ಪು ಗ್ರಾನೈಟಿನಲ್ಲಿ ಕೆತ್ತಿಸಿದರು. ಅಷ್ಟಾದರೂ ಭಾನುವಾರ ನಮ್ಮ ಪುಟ್ಟ ಚರ್ಚಿಗೇ ಹೆಂಡತಿ ಸಮೇತ ಬರುತ್ತಿದ್ದರು.

ಅವರ ನಂಬಿಕೆ ಸರಳವಾಗಿತ್ತು, ಗಟ್ಟಿಯಾಗಿತ್ತು. ದೇವರಿಗೆ ನಿಯತ್ತಾಗಿದ್ದರೆ ದೇವರು ಕೊಡುತ್ತಾನೆ. ಕೊಡದಿದ್ದರೆ ನಮ್ಮ ನಿಯತ್ತಿನಲ್ಲಿ ಎಲ್ಲೋ ತೂತು ಇದೆ. ಇದನ್ನು ಅವರು ಯಾರನ್ನೂ ಚುಚ್ಚಲು ಹೇಳುತ್ತಿರಲಿಲ್ಲ. ತಮ್ಮ ಬದುಕನ್ನೇ ಕೈಯಲ್ಲಿ ಹಿಡಿದು ತೋರಿಸುವ ಮನುಷ್ಯನ ಸಂತೋಷ ಅದರಲ್ಲಿತ್ತು. ಅಪ್ಪ ಹಳೇ ಮೊಪೆಡ್ಡಿನಲ್ಲಿ ಓಡಾಡುವುದು ಮಾತ್ರ ಅವರಿಗೆ ಸಹಿಸಲಾಗದ ವಿಷಯವಾಗಿತ್ತು.

"ಅಯ್ಯನವರೇ, ನೀವು ಯಾರ ಕೆಲಸದಲ್ಲಿದೀರಿ ಹೇಳಿ? ರಾಜಾಧಿರಾಜನ ಕೆಲಸ! ಆ ಡಬ್ಬಾ ಗಾಡೀಲಿ ಹೋದ್ರೆ ಅವನ ಮರ್ಯಾದೆ ಏನಾಗ್ಬೇಕು?"

"ಅವನು ಕತ್ತೆ ಮೇಲೆ ಹೋದವನಲ್ವಾ, ಮಾರಾಯ," ಎಂದು ಅಪ್ಪ ನಗುತ್ತಿದ್ದ. ಆದರೆ ಕೀಲಿಯನ್ನು ಕೈಗೆ ಇಟ್ಟಾಗ ಬೇಡ ಎನ್ನಲಿಲ್ಲ. ಕೊಡುವವರ ಕಣ್ಣಲ್ಲಿ ನೀರು ಇತ್ತಂತೆ.

ಕತ್ತಲಾಗುವುದರೊಳಗೆ ಬೀದಿಗೆಲ್ಲ ಸುದ್ದಿ ಹಬ್ಬಿತು. ಎದುರುಮನೆಯ ಲಿಂಗಾಯತರ ಅಜ್ಜಿ ವಿಭೂತಿ ಹಚ್ಚಿಕೊಂಡು, ಸೆರಗಿನಲ್ಲಿ ನಾಲ್ಕಾರು ನಿಂಬೆಹಣ್ಣು ಕಟ್ಟಿಕೊಂಡು ಬಂದರು. ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಡದೆ ಹೇಗೆ? ಅಪ್ಪನ ಮುಖ ನೋಡುವಂತಿತ್ತು. ಇಡಬೇಡಿ ಎಂದರೆ ಅಜ್ಜಿಗೆ ನೋವು, ಇಟ್ಟರೆ ನಾಳೆ ಸಭೆಯಲ್ಲಿ ಪಂಚಾಯ್ತಿ. ಅಮ್ಮ ಒಂದು ಮಾತೂ ಆಡದೆ ಅಜ್ಜಿಯ ಕೈಯಿಂದ ಹಣ್ಣುಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಒಳಗೆ ಹೋಗಿ, ಶರಬತ್ತು ಮಾಡಿ ತಂದಳು. ಕಾರಿನ ಸುತ್ತ ನಿಂತು ಎಲ್ಲರೂ ಕುಡಿದೆವು. ಅಜ್ಜಿ ಎರಡು ಲೋಟ ಕುಡಿದು, "ಒಳ್ಳೇದಾಗ್ಲಿ, ಯಾರ ದೇವ್ರಾದ್ರೂ ಕಾಯ್ಲಿ" ಅಂದು ಕಾರಿನ ಬೆನ್ನು ತಟ್ಟಿ ಹೋದರು.

ಕಾರು ಬಂತು, ಓಡಿಸುವವರಿಲ್ಲ. ಅಪ್ಪ ಸ್ಟೀರಿಂಗ್ ಹಿಡಿದರೆ ಅಂಗೈ ಬೆವರುತ್ತಿತ್ತು. ದಿನಾ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವುದು, ಅದು ಗುರುಗುಟ್ಟುವುದನ್ನು ಸ್ವಲ್ಪ ಹೊತ್ತು ಗೌರವದಿಂದ ಕೇಳುವುದು, ಆರಿಸುವುದು, ಆಮೇಲೆ ಮೊಪೆಡ್ ಹತ್ತಿ ಸಭೆಯವರ ಮನೆಗಳಿಗೆ ಹೊರಡುವುದು. ಹೀಗೆ ಕೆಲವು ತಿಂಗಳು ನಡೆಯಿತು. ಆ ಕಾಲ ನನ್ನ ನೆನಪಿನಲ್ಲಿ ಒಂದು ಉದ್ದನೆಯ ಮಧ್ಯಾಹ್ನದ ಹಾಗೆ ಉಳಿದಿದೆ. ಕಾರು ನಮ್ಮ ಮನೆಯ ಮೂರನೇ ಕೋಣೆಯಾಯಿತು. ನಾನು ಮುಂದಿನ ಸೀಟಿನಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದೆ. ಅಮ್ಮ ಹಿಂದಿನ ಸೀಟಿನಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನೇರಳೆಹಣ್ಣಿನ ಕಾಲದಲ್ಲಿ ಮೇಲಿಂದ ಪಟ್ ಪಟ್ ಎಂದು ಹಣ್ಣು ಬೀಳುವ ಸದ್ದು. ಗಾಜು ಮುಚ್ಚಿದರೆ ಹೊರಗಿನ ಲೋಕ ನೀರಿನಾಚೆ ಇದ್ದಂತೆ ಕಾಣುತ್ತಿತ್ತು. ಕೋಳಿಗಳು, ಬಟ್ಟೆ ಒಣಗುವ ತಂತಿ, ಚರ್ಚಿನ ಹಿಂಗೋಡೆ, ಎಲ್ಲ ನಿಶ್ಶಬ್ದವಾಗಿ ತೇಲುತ್ತಿದ್ದವು. ಅಮ್ಮ ಆಗಾಗ "ಈಗ ಎಲ್ಲಿದೀವಿ?" ಎನ್ನುತ್ತಿದ್ದಳು. ನಾನು "ತರೀಕೆರೆ ದಾಟಿದ್ವಿ" ಎನ್ನುತ್ತಿದ್ದೆ. "ನಿಧಾನ ಹೋಗು" ಎನ್ನುತ್ತಿದ್ದಳು.

ಹಣ್ಣಿನ ಕಲೆಯಿಂದ ಬಿಳಿ ಕಾರು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಅಮ್ಮ ಸಂಜೆ ಒದ್ದೆ ಬಟ್ಟೆಯಿಂದ ಅದನ್ನು ಒರೆಸುವಾಗ ಹಸುಗೂಸಿನ ಮೈ ಒರೆಸುವ ಹಾಗೆ ಒರೆಸುತ್ತಿದ್ದಳು. ಒಂದು ದಿನ ಅಪ್ಪ, "ಏನ್ ಮಾರಾಯ್ತಿ, ನನ್ನ ಮೊಪೆಡ್ಡಿಗೆ ಒಂದಿನಾನೂ ಇಷ್ಟು ಸೇವೆ ಆಗ್ಲಿಲ್ಲ" ಅಂದ.

ಅಮ್ಮ ಕೈ ನಿಲ್ಲಿಸಿದಳು. "ನಂಗೆ ಇದು ಇಷ್ಟ ರೀ. ಇಷ್ಟ ಅಂತ ಹೇಳಕ್ಕೆ ನಾಚ್ಕೆ ಯಾಕೆ? ಇಷ್ಟು ವರ್ಷ ಯಾರ್ಯಾರೋ ಉಟ್ಟು ಕೊಟ್ಟ ಸೀರೆ ಉಟ್ಟಿದೀನಿ. ದೇವರಿಗೆ ಸ್ತೋತ್ರ ಅಂತಾನೇ ಉಟ್ಟಿದೀನಿ. ಇದು ಹೊಸದು. ಇದರ ವಾಸನೆ ಹೊಸದು. ದೇವರು ಹೊಸದನ್ನೂ ಮಾಡಿದಾನಲ್ವಾ?"

ಅಪ್ಪ ಒಳಗೆ ಹೋದ. ಇನ್ನೊಂದು ಬಟ್ಟೆ ತಂದು ಬಾನೆಟ್ಟಿನ ಕಡೆಯಿಂದ ಒರೆಸತೊಡಗಿದ.

ತಾವು ಕೊಟ್ಟ ಕಾರು ಮರದ ಕೆಳಗೇ ನಿಂತಿದೆ ಎಂದು ಟಿಪ್ಪರ್ ಅಂಕಲ್‌ಗೆ ಬೇಸರವಾಯಿತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಕರೆದು, "ನೀನು ಕಲಿ ಮಗಳೇ. ನಾನು ಕಲಿಸ್ತೀನಿ" ಅಂದರು. ಹೀಗೆ ನಾನು ಡ್ರೈವಿಂಗ್ ಕಲಿತೆ. ಕಲಿತದ್ದು ಕಾರ್ಖಾನೆಯ ಹಳೇ ಟೌನ್‌ಶಿಪ್ಪಿನ ರಸ್ತೆಗಳಲ್ಲಿ. ಸಾಲಾಗಿ ಖಾಲಿ ಬಿದ್ದ ಕ್ವಾರ್ಟರ್ಸುಗಳು, ಎರಡೂ ಬದಿ ದೊಡ್ಡ ಮರಗಳು, ರಸ್ತೆ ಮೇಲೆ ಯಾರೂ ಗುಡಿಸದ ಎಲೆಗಳು. ಕಿಟಕಿಗಳಿಲ್ಲದ ಮನೆಯೊಂದರ ಮುಂದೆ ಹಿಂದಿನ ಸೀಟಿನಿಂದ ಅಮ್ಮ, "ಇಲ್ಲೇ ನಾನು ಹುಟ್ಟಿದ್ದು" ಅಂದಳು. ಒಳಗಿಂದ ಒಂದು ಹಸು ತಲೆ ಹೊರಗೆ ಹಾಕಿ ನಮ್ಮನ್ನು ನೋಡಿತು.

ಅಂಕಲ್ ಒಳ್ಳೆಯ ಗುರು. ಕೂಗಾಡುತ್ತಿರಲಿಲ್ಲ. "ಕ್ಲಚ್ ಬಿಡೋದು ಮಲಗಿರೋ ಮಗು ತಲೆ ಕೆಳಗಿಂದ ಕೈ ತೆಗೆದ ಹಾಗಿರ್ಬೇಕು" ಎನ್ನುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಆ ರಸ್ತೆಗಳಲ್ಲಿ ಅವರು ಟಿಪ್ಪರುಗಳ ಮಾಲೀಕರಾಗಿರುತ್ತಿರಲಿಲ್ಲ, ಚಪ್ಪಲಿ ಕಳಚಿಟ್ಟು ಕೂತ ಹಳೇ ಡ್ರೈವರ್ ಆಗಿರುತ್ತಿದ್ದರು. ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು ತಮ್ಮಷ್ಟಕ್ಕೆ ನಗುತ್ತಿದ್ದರು.

ಲೈಸೆನ್ಸ್ ಬಂದ ಮೇಲೆ ಕಾರು ಓಡತೊಡಗಿತು. ಸಭೆಯ ವಯಸ್ಸಾದವರನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಎದುರುಮನೆ ಅಜ್ಜಿಯ ಮೊಮ್ಮಗಳು ಹೆರಿಗೆಯಾಗಿ ಬಂದದ್ದು ನಮ್ಮ ಕಾರಿನಲ್ಲೇ. ಬೆಚ್ಚಗೆ ಸುತ್ತಿದ ಮಗು ಅಮ್ಮನ ತೊಡೆಯ ಮೇಲೆ ಮಲಗಿತ್ತು. ಎಷ್ಟು ನಿಧಾನವಾಗಿ ಓಡಿಸಿದೆನೆಂದರೆ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿಕೊಂಡು ಹೋದರು.

ಆದರೆ ಕಾರಿನಿಂದ ಇನ್ನೊಂದು ಸಂಗತಿಯೂ ಆಯಿತು. ಅಪ್ಪ ಕೆಲವು ದಿನ ನನ್ನಿಂದ ಓಡಿಸಿಕೊಂಡು ಕಾರಿನಲ್ಲೇ ಮನೆಮನೆ ಭೇಟಿಗೆ ಹೋದ. ಸಭೆಯ ಹಿರಿಯರೊಬ್ಬರು, ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಒಂದು ದಿನ ಅಪ್ಪನಿಗೆ ಮೆಲ್ಲಗೆ ಹೇಳಿದರು: "ಅಯ್ಯನವರೇ, ತಪ್ಪು ತಿಳ್ಕೋಬೇಡಿ. ಮೊಪೆಡ್ಡಲ್ಲಿ ಬರುವಾಗ ದಾರೀಲಿ ನಾವು ಕೈ ಎತ್ತಿದ್ರೆ ನೀವು ನಿಲ್ತಿದ್ರಿ. ಈಗ ಗಾಜಿನ ಒಳಗಿಂದ ನಿಮಗೆ ನಮ್ಮ ಕೈ ಕಾಣಲ್ಲ."

ಅಪ್ಪ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನದಿಂದ ಮತ್ತೆ ಮೊಪೆಡ್. ಕಾರು ಕಾಯಿಲೆಗೆ, ಹೆರಿಗೆಗೆ, ದೂರದ ಸಾವಿಗೆ ಮಾತ್ರ.

ಅದೇ ವರ್ಷ ಅಂಕಲ್ ಶಿವಮೊಗ್ಗದಲ್ಲಿ ದೊಡ್ಡ ಪ್ರಾರ್ಥನಾ ಕೂಟ ಏರ್ಪಡಿಸಿದರು. ಅವರ ಒತ್ತಾಯಕ್ಕೆ ಕಾರಿನಲ್ಲೇ ಹೋದೆವು. ಶಾಮಿಯಾನ, ದೀಪ, ಎತ್ತರದ ವೇದಿಕೆ. ಹೊರಗಿನಿಂದ ಒಬ್ಬ ಬೋಧಕರನ್ನು ಕರೆಸಿದ್ದರು. ಅಪ್ಪನನ್ನೂ ವೇದಿಕೆಯ ಮೇಲೆ ಕೂರಿಸಿದರು. ಅಪ್ಪ ಅಷ್ಟು ದೊಡ್ಡ ಕುರ್ಚಿಯಲ್ಲಿ ಅಂಚಿಗೆ ಕೂತು ಮೊಣಕಾಲು ಜೋಡಿಸಿಕೊಂಡಿದ್ದ. ಬೋಧಕರ ದನಿ ಗಂಟೆಯಂತಿತ್ತು. ನಂಬಿಕೆ ಇರುವವನ ಮನೆಗೆ ಸಂಪತ್ತು ನಡೆದುಕೊಂಡು ಬರುತ್ತದೆ ಎಂದರು. ಬಡತನ ಶಾಪ ಎಂದರು. "ನಿಮ್ಮ ನಡುವಿನ ಈ ದೇವಸೇವಕರನ್ನೇ ನೋಡಿ! ಇಷ್ಟು ವರ್ಷದ ನಂಬಿಗಸ್ತಿಕೆಗೆ ದೇವರು ಕೊಟ್ಟ ಕಾರು ಹೊರಗೆ ನಿಂತಿದೆ!" ಎಂದು ಅಪ್ಪನ ಕಡೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ನಮ್ಮ ಸಭೆಯ ಒಬ್ಬ ವಿಧವೆ ಕೂತಿದ್ದಳು. ಮನೆಗೆಲಸ ಮಾಡಿ ಬದುಕುವವಳು, ಒಂದು ಭಾನುವಾರವೂ ತಪ್ಪಿಸದವಳು. ಅವಳೂ ಚಪ್ಪಾಳೆ ತಟ್ಟಿದಳು. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತಾ ಕೂತಳು.

ವಾಪಸ್ ಬರುವಾಗ ಅವಳನ್ನೂ ಕೂರಿಸಿಕೊಂಡೆವು. ಅವಳನ್ನು ಮನೆ ಮುಂದೆ ಇಳಿಸುವಾಗ ಅಪ್ಪನೂ ಇಳಿದ. ಬಾಗಿಲ ತನಕ ಹೋಗಿ, "ನಿಮ್ಮ ನಂಬಿಕೆ ನನಗಿಂತ ದೊಡ್ಡದಮ್ಮ. ನಿಮ್ಮನೆ ಮುಂದೆ ಕಾರಿಲ್ಲ ಅಂತ ಅದು ಚಿಕ್ಕದಾಗಲ್ಲ" ಅಂದ. ಅವಳು, "ಇದನ್ನ ನೀವು ಅಲ್ಲೇ ಹೇಳ್ಬಹುದಿತ್ತಲ್ಲ ಅಯ್ಯನವರೇ" ಅಂದಳು. ಕೋಪದಿಂದಲ್ಲ. ಅಪ್ಪ ತಲೆಯಾಡಿಸಿ ಬಂದು ಕಾರಿನಲ್ಲಿ ಕೂತ.

ಮುಂದಿನ ಭಾನುವಾರ ಅವನು ಅದನ್ನು ಪ್ರಸಂಗದಲ್ಲಿ, ಎಂದರೆ ಆರಾಧನೆಯ ಉಪದೇಶದಲ್ಲಿ, ಹೇಳಿದ. ದೊಡ್ಡ ಮಾತುಗಳಲ್ಲಿ ಅಲ್ಲ. ಕಾರು ತನಗೆ ಸಿಕ್ಕ ಸಂಬಳವಲ್ಲ, ಒಬ್ಬ ಗೆಳೆಯ ಪ್ರೀತಿಯಿಂದ ಕೊಟ್ಟದ್ದು, ಅಷ್ಟೇ ಎಂದ. ಅಂಕಲ್ ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರ ಮುಖ ಬಾಡಿತು. ಹೊರಗೆ ಬಂದು, "ಗೆಳೆಯ ಅಂದ್ರಲ್ಲ, ಅದು ಸಂತೋಷ ಆಯ್ತು. ಮಿಕ್ಕಿದ್ದು ನಂಗೆ ಒಪ್ಗೆ ಆಗ್ಲಿಲ್ಲ" ಅಂದರು. ಆದರೂ ಬರುವುದು ಬಿಡಲಿಲ್ಲ.

ಆಮೇಲೆ ಲಾಕ್‌ಡೌನ್ ಬಂತು. ಚರ್ಚಿಗೆ ಬೀಗ ಬಿತ್ತು. ಎಲ್ಲ ನಿಂತ ಹಾಗೆ ಲೇಔಟಿನ ಕೆಲಸಗಳೂ ನಿಂತವು. ಎಲ್ಲ ಮತ್ತೆ ಶುರುವಾದ ಮೇಲೂ ಅಂಕಲ್ ಅವರ ಕೆಲಸ ಶುರುವಾಗಲಿಲ್ಲ. ಅವರ ಜೊತೆ ವ್ಯವಹಾರ ಮಾಡುತ್ತಿದ್ದವರು ಬೇರೆ ಕಡೆ ಹೋದರು. ಟಿಪ್ಪರುಗಳು ಒಂದೊಂದಾಗಿ ಮಾರಿಹೋದವು. ಚರ್ಚಿನ ಬಾಗಿಲು ತೆರೆದ ಭಾನುವಾರ ಎಲ್ಲರೂ ಬಂದರು, ಅವರಿಬ್ಬರು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ನಂಬಿಕೆ ಕಡಿಮೆಯಾಗಿರಬೇಕು, ಏನೋ ಪಾಪ ಇರಬೇಕು. ಇದೇ ಲೆಕ್ಕಾಚಾರವನ್ನು ಜನರಿಗೆ ಕಲಿಸಿದವರು ಅಂಕಲ್ಲೇ.

ಅಪ್ಪ, "ನಡಿ, ಶಿವಮೊಗ್ಗಕ್ಕೆ ಹೋಗೋಣ" ಅಂದ. ಹೋದೆವು. ರಾಗಿಗುಡ್ಡದ ಆ ಮನೆಯ ಗೇಟಿನ ಕಂಬದಲ್ಲಿ ಗ್ರಾನೈಟ್ ಫಲಕವಿರಲಿಲ್ಲ. ಅದಿದ್ದ ಜಾಗದಲ್ಲಿ ಬಿಳಿಚಿದ ಚೌಕ. ಅಂಕಲ್ ವರಾಂಡದ ಮೆಟ್ಟಿಲ ಮೇಲೆ ಕೂತಿದ್ದರು. ಗಡ್ಡ ಬಿಟ್ಟಿದ್ದರು. ನಮ್ಮನ್ನು ನೋಡಿ ಎದ್ದು ನಿಂತರು, ಆದರೆ ಒಳಗೆ ಬನ್ನಿ ಎನ್ನಲಿಲ್ಲ. ಅಪ್ಪ ಅವರ ಪಕ್ಕ ಮೆಟ್ಟಿಲ ಮೇಲೇ ಕೂತ.

"ನಾನೇನು ತಪ್ಪು ಮಾಡ್ದೆ, ನೀವೇ ಹೇಳಿ," ಅಂದರು ಅಂಕಲ್. "ದುಡಿದದ್ದರಲ್ಲಿ ದೇವರಿಗೆ ಸೇರೋ ದಶಮಾಂಶ ತಪ್ಪಿಸಿದ್ನಾ? ಯಾರಿಗಾದ್ರೂ ಮೋಸ ಮಾಡಿದ್ನಾ? ಪ್ರಾರ್ಥನೆ ಬಿಟ್ನಾ?"

"ಇಲ್ಲ."

"ಮತ್ತೆ ಯಾಕೆ ನನ್ನ ಕೈ ಬಿಟ್ಟ?"

"ಕೈ ಬಿಟ್ಟ ಅಂತ ನನಗನ್ಸಲ್ಲ. ಹೀಗ್ಯಾಕೆ ಆಯ್ತು ಅಂತ ಕೇಳಿದ್ರೆ ಗೊತ್ತಿಲ್ಲ."

"ಇಷ್ಟು ವರ್ಷ ಪ್ರಸಂಗ ಮಾಡಿದೀರಿ, ಗೊತ್ತಿಲ್ಲ ಅಂತೀರಲ್ಲ ಅಯ್ಯನವರೇ!"

"ಗೊತ್ತಾಗಿದ್ರೆ ಯಾವತ್ತೋ ಮುಗಿಸಿ ಮನೇಲಿ ಕೂರ್ತಿದ್ದೆ," ಅಂದ ಅಪ್ಪ.

ಅಂಕಲ್ ನಗಲಿಲ್ಲ. ಅವರ ಹೆಂಡತಿ ಒಳಗಿಂದ ಚಹಾ ತಂದಿಟ್ಟರು. ಕೆಳಗೆ ಇಳಿಜಾರಿನಾಚೆ ಶಿವಮೊಗ್ಗ ಬಿಸಿಲಲ್ಲಿ ತೂಕಡಿಸುತ್ತಿತ್ತು. ಸಿಟಿ ಬಸ್ಸಿನ ಹಾರ್ನ್ ಯಾವುದೋ ಹಕ್ಕಿಯ ಕೂಗಿನ ಹಾಗೆ ಕೇಳಿಬರುತ್ತಿತ್ತು. ಅಪ್ಪ ಪ್ರಾರ್ಥನೆ ಮಾಡಲೇ ಎಂದು ಕೇಳಿದ. ಬೇಡ ಎಂದರು. "ಸರಿ, ಮುಂದಿನ ವಾರ ಬರ್ತೀನಿ" ಎಂದು ಎದ್ದ.

ಪ್ರತಿ ವಾರ ಹೋದ. ಕೆಲವೊಮ್ಮೆ ನಾನು ಕರೆದುಕೊಂಡು ಹೋಗುತ್ತಿದ್ದೆ, ಕೆಲವೊಮ್ಮೆ ಬಸ್ಸಿನಲ್ಲಿ ಒಬ್ಬನೇ ಹೋಗುತ್ತಿದ್ದ. ಏನು ಮಾತಾಡಿದಿರಿ ಎಂದು ಕೇಳಿದರೆ, "ಏನಿಲ್ಲ, ಬೆಂಡೆಗಿಡ ಹಾಕಿದಾರೆ, ಅದನ್ನ ನೋಡಿದ್ವಿ" ಎನ್ನುತ್ತಿದ್ದ. ಆ ಮನೆ ಮಾರಾಟವಾಯಿತು. ಅಂಕಲ್ ಅದೇ ಬಡಾವಣೆಯಲ್ಲಿ ಸಣ್ಣ ಬಾಡಿಗೆ ಮನೆಗೆ ಹೋದರು. ಅಪ್ಪ ಅಲ್ಲಿಗೂ ಹೋದ. ಅಲ್ಲಿ ಮೆಟ್ಟಿಲಿರಲಿಲ್ಲ, ಬಾಗಿಲ ಹೊಸ್ತಿಲ ಬಳಿ ಕೂರುತ್ತಿದ್ದರಂತೆ.

ಕಾರಿನ ಮಾತು ಎತ್ತಿದವಳು ಅಮ್ಮ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಾ, ಹಂಚಿನ ಕಡೆಯೇ ನೋಡುತ್ತಾ ಹೇಳಿದಳು: "ಆ ಕಾರು ಅವ್ರಿಗೆ ಕೊಟ್ಬಿಡಿ. ಅವ್ರಿಗೆ ಕೈಗೆ ಹತ್ತಿದ ಕೆಲಸ ಅದೇ. ಬಾಡಿಗೆ ಓಡಿಸ್ಕೊಂಡು ಜೀವನ ಮಾಡ್ತಾರೆ."

ಅಪ್ಪನೂ ಅದನ್ನೇ ಯೋಚಿಸುತ್ತಿದ್ದನೆಂದು ಅವನ ಮುಖ ಹೇಳಿತು. ಅಮ್ಮನಿಗೆ ಹೇಳಲು ಧೈರ್ಯ ಬಂದಿರಲಿಲ್ಲ, ಅಷ್ಟೆ. "ನಿಂಗೆ ಇಷ್ಟ ಅಲ್ವಾ ಅದು?" ಅಂದ.

"ಇಷ್ಟ ಇಲ್ದಿದ್ದನ್ನ ಕೊಟ್ರೆ ಅದೇನು ಕೊಟ್ಟ ಹಾಗೆ? ಆದ್ರೆ ಒಂದ್ಸಲ ನನ್ನನ್ನ ಎಲ್ಲಾದ್ರೂ ಕರ್ಕೊಂಡು ಹೋಗಿ. ಆಸ್ಪತ್ರೆಗಲ್ಲ, ಯಾರ್ದೋ ಸಾವಿಗಲ್ಲ. ಸುಮ್ನೆ."

ಮರುದಿನ ಹೊರಟೆವು. ಹೊಳೆಹೊನ್ನೂರಿನ ರಸ್ತೆ ಹಿಡಿದೆ. ಎರಡೂ ಕಡೆ ಭತ್ತದ ಗದ್ದೆ, ತೆನೆ ಇನ್ನೂ ಹಾಲುಗಟ್ಟುವ ಕಾಲ, ಗಾಳಿ ಬಂದರೆ ಇಡೀ ಬಯಲು ಒಮ್ಮೆ ಬಾಗಿ ಎದ್ದು ನಿಲ್ಲುತ್ತಿತ್ತು. ಅಮ್ಮ ಮುಂದೆ ಕೂತಿದ್ದಳು. ಗಾಜು ಪೂರ್ತಿ ಇಳಿಸಿದ್ದಳು. ಸೆರಗು ಹಾರುತ್ತಿತ್ತು, ಹಿಡಿಯಲು ಹೋಗಲಿಲ್ಲ. ಹೊಳೆಹೊನ್ನೂರಿನ ಸಂತೆಬೀದಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಮುಂದೆ ಕೂಡ್ಲಿಗೆ ಹೋದೆವು. ಅಲ್ಲಿ ತುಂಗೆಯೂ ಭದ್ರೆಯೂ ಒಂದಾಗುವ ಜಾಗ. ಬೇರೆಯವರ ಕ್ಷೇತ್ರ, ನಮ್ಮದು ಬರೀ ಬಜ್ಜಿ ತಿನ್ನುವ ಪ್ರಯಾಣ. ಒಂದು ಬದಿಯ ಕಲ್ಲಿನ ಮೇಲೆ ಕೂತು ನೀರಿಗೆ ಕಾಲು ಇಳಿಬಿಟ್ಟೆವು. ನೀರು ಮೆಲ್ಲಗೆ ಹೋಗುತ್ತಿತ್ತು. ಅಪ್ಪ ಪ್ಯಾಂಟು ಮಡಚಿಕೊಂಡು ನೀರಲ್ಲಿ ನಿಂತು, ತಾನು ಮದುವೆಗೆ ಮುಂಚೆ ಅಮ್ಮನನ್ನು ನೋಡಲು ಬಂದಿದ್ದ ದಿನ ಕ್ವಾರ್ಟರ್ಸಿನಲ್ಲಿ ದಾರಿ ತಪ್ಪಿ ಬೇರೆ ಯಾರದೋ ಮನೆಯಲ್ಲಿ ಉಪ್ಪಿಟ್ಟು ತಿಂದ ಕಥೆ ಹೇಳಿದ. ಎಲ್ಲ ಮನೆಗಳೂ ಒಂದೇ ಥರ ಇದ್ದವಂತೆ. ಆ ಮನೆಯಲ್ಲೂ ಮದುವೆಗೆ ಹುಡುಗಿ ಇದ್ದಳಂತೆ. ಅಮ್ಮ ಆ ಕಥೆ ಹಿಂದೆ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನು ಅವರಿಬ್ಬರನ್ನೂ ನೋಡುತ್ತಾ ಕೂತಿದ್ದೆ. ಬೆಳಕು ನೀರಿಂದ ಎದ್ದು ಅವರ ಮುಖದ ಮೇಲೆ ಅಲ್ಲಾಡುತ್ತಿತ್ತು. ನಮ್ಮಲ್ಲಿ ಯಾರಿಗೂ ಏನೂ ಕಡಿಮೆಯಿಲ್ಲ ಎಂದು ಆ ಗಳಿಗೆಯಲ್ಲಿ ಅನ್ನಿಸಿತು. ಅದು ಕಾರಿನಿಂದಲೋ ಕಾರನ್ನು ಬಿಡಲು ತೀರ್ಮಾನಿಸಿದ್ದರಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆ ವಾರವೇ ಮೂವರೂ ಅಂಕಲ್ ಅವರ ಬಾಡಿಗೆ ಮನೆಗೆ ಹೋದೆವು. ಅಪ್ಪ ಕೀಲಿ ಮುಂದೆ ಹಿಡಿದ. ಅಂಕಲ್ ಎರಡು ಹೆಜ್ಜೆ ಹಿಂದೆ ಸರಿದರು.

"ಅದು ದೇವರಿಗೆ ಅಂತ ಕೊಟ್ಟಿದ್ದು. ವಾಪಸ್ ತಗೊಂಡ್ರೆ ಇರೋ ಚೂರೂ ಹೋಗತ್ತೆ. ನನ್ನನ್ನ ಇನ್ನೂ ಕೆಳಗೆ ತಳ್ಬೇಡಿ ಅಯ್ಯನವರೇ."

"ನಮಗೆ ಕೊಟ್ಟ ಮೇಲೆ ನಮ್ದಲ್ವಾ? ನಮ್ದನ್ನ ನಾವು ಕೊಡ್ತಿದೀವಿ."

"ನಂಗೆ ಭಿಕ್ಷೆ ಬೇಡ."

ದನಿ ಗಡುಸಾಗಿತ್ತು. ಅಪ್ಪನ ಕೈ ಹಾಗೇ ನಿಂತಿತು. ಆಗ ಅಮ್ಮ ಮುಂದೆ ಬಂದು ಅಪ್ಪನ ಕೈಯಿಂದ ಕೀಲಿ ತೆಗೆದುಕೊಂಡಳು.

"ಅವತ್ತು ನೀವು ಕೀಲಿ ಕೊಡುವಾಗ ನಿಮ್ಮ ಮುಖ ನೋಡಿದೆ ಅಣ್ಣಾ. ಅಷ್ಟು ಸಂತೋಷ ನಾನು ಯಾರ ಮುಖದಲ್ಲೂ ಕಂಡಿರ್ಲಿಲ್ಲ. ಕಾರು ಸಿಕ್ಕಿದ ನಮಗಿಂತ ಕೊಟ್ಟ ನಿಮಗೇ ಜಾಸ್ತಿ ಸಂತೋಷ ಆಗಿತ್ತು. ಅದೇನು ಅಂತ ನಮಗೂ ಒಂದ್ಸಲ ಗೊತ್ತಾಗ್ಬಾರ್ದಾ? ಕೊಡೋದು ದುಡ್ಡಿರೋರಿಗೆ ಮಾತ್ರ ಬರೆದಿದ್ದಾ?"

ಅಂಕಲ್ ಅವಳನ್ನೇ ನೋಡಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಅಂಕಲ್ ಕೈ ಚಾಚಿದರು. ಕೀಲಿ ತೆಗೆದುಕೊಂಡು, ಕಾರಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಟೈರನ್ನು ಕಾಲಿನಿಂದ ಒತ್ತಿ ನೋಡಿ, "ಗಾಳಿ ಕಡ್ಮೆ ಇದೆ ಮಗಳೇ. ಹಿಂಗೇ ಓಡಿಸ್ತಿದ್ಯಾ?" ಎಂದು ನನ್ನನ್ನು ಬೈದರು. ಆ ಬೈಗುಳ ಕೇಳಿ ಅಪ್ಪ ದೊಡ್ಡದಾಗಿ ಉಸಿರುಬಿಟ್ಟ. ನಾವು ಬಸ್ಸಿನಲ್ಲಿ ಭದ್ರಾವತಿಗೆ ಬಂದೆವು. ಅಮ್ಮ ಕಿಟಕಿಯ ಕಡೆ ತಿರುಗಿ ಸ್ವಲ್ಪ ಅತ್ತಳು. ಮನೆಗೆ ಬಂದಾಗ ಮರದ ಕೆಳಗಿನ ಖಾಲಿ ಜಾಗದಲ್ಲಿ ಕೋಳಿಗಳು ಧೂಳಿನ ಸ್ನಾನ ಮಾಡುತ್ತಿದ್ದವು.

ಅಂಕಲ್ ಕಾರನ್ನು ಬಾಡಿಗೆಗೆ ಓಡಿಸತೊಡಗಿದರು. ರೈಲ್ವೇ ಸ್ಟೇಷನ್ನಿನ ಹತ್ತಿರ ನಿಲ್ಲಿಸುತ್ತಿದ್ದರು. ಕೆಲವು ತಿಂಗಳ ನಂತರ, ಭಾನುವಾರ ಬೆಳಿಗ್ಗೆ, ಅವರು ಚರ್ಚಿನ ಮುಂದೆ ಕಾರು ನಿಲ್ಲಿಸಿದ್ದು ಕಂಡಿತು. ಹೆಂಡತಿಯನ್ನು ಇಳಿಸಿದರು, ಒಳಗೆ ಬರಲಿಲ್ಲ. ಕಾರಿನಲ್ಲೇ ಕೂತರು, ಗಾಜು ಇಳಿಸಿಕೊಂಡು. ಅಪ್ಪ ಅವತ್ತು ಸ್ವಲ್ಪ ಜೋರಾಗಿ ಪ್ರಸಂಗ ಮಾಡಿದ. ಹಾಗೆಯೇ ಅನೇಕ ಭಾನುವಾರ ಕಳೆದವು. ಒಂದು ಭಾನುವಾರ ಹಾಡಿನ ನಡುವೆ ಬಾಗಿಲ ಬಳಿ ನೆರಳು ಬಿತ್ತು. ಅವರು ಒಳಗೆ ಬಂದು ಕೊನೆಯ ಸಾಲಿನಲ್ಲಿ, ಆ ಮನೆಗೆಲಸದ ವಿಧವೆಯ ಹಿಂದೆ ಕೂತರು.

ನಮ್ಮಲ್ಲಿ ಆರಾಧನೆಯ ನಡುವೆ ಯಾರು ಬೇಕಾದರೂ ಎದ್ದು, ದೇವರು ತಮಗೆ ಮಾಡಿದ್ದನ್ನು ಹೇಳಬಹುದು. ಸಾಕ್ಷಿ ಎನ್ನುತ್ತೇವೆ. ಅವತ್ತು ಅಪ್ಪ ಕೇಳಿದಾಗ ಅವರು ಎದ್ದು ನಿಂತರು. ಹಿಂದೆಲ್ಲ ಅವರು ಎದ್ದರೆ ಹೊಸ ಲಾರಿ, ಹೊಸ ಗುತ್ತಿಗೆ, ಹೊಸ ಸೈಟು ಎಂದು ಮಾತು ಹೊಳೆಯಂತೆ ಬರುತ್ತಿತ್ತು. ಈಗ ಎದುರಿನ ಬೆಂಚನ್ನು ಹಿಡಿದುಕೊಂಡು ಸುಮ್ಮನೆ ನಿಂತರು.

"ಹೇಳಕ್ಕೆ ನನ್ ಹತ್ರ ಏನೂ ಇಲ್ಲ," ಅಂದರು. "ಆದ್ರೂ ಬಂದಿದೀನಿ."

ಕೂತರು. ಅವರ ಮುಂದೆ ಕೂತಿದ್ದ ಆ ಹೆಂಗಸು ತಿರುಗಿ, ಗಟ್ಟಿಯಾಗಿ, "ಸ್ತೋತ್ರ" ಅಂದಳು. ಆಮೇಲೆ ಎಲ್ಲರೂ ಅಂದರು. ಅಪ್ಪನಿಗೆ ಮುಂದಿನ ಹಾಡು ಯಾವುದೆಂದೇ ಮರೆತುಹೋಯಿತು. ಪುಟ ತಿರುವುತ್ತಲೇ ಇದ್ದ. ಕೊನೆಗೆ ಹೆಂಗಸರ ಸಾಲಿನಿಂದ ಅಮ್ಮನೇ ಒಂದು ಹಾಡು ಶುರು ಮಾಡಿದಳು, ತಮಿಳಿನಲ್ಲಿ. ಗೊತ್ತಿದ್ದವರು ಹಾಡಿದರು. ಗೊತ್ತಿಲ್ಲದವರು ಚಪ್ಪಾಳೆ ತಟ್ಟಿದರು.

ಅಪ್ಪ ನಿವೃತ್ತನಾದ ಮೇಲೆ ಅವನೂ ಅಮ್ಮನೂ ಶಿವಮೊಗ್ಗದಲ್ಲಿ ನನ್ನ ಜೊತೆ ಇದ್ದಾರೆ. ನಾನಿಲ್ಲಿ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅಂಕಲ್ ಮತ್ತೆ ಶ್ರೀಮಂತರಾಗಲಿಲ್ಲ. ಮೊನ್ನೆ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿದ್ದರು. ಕೂದಲು ಪೂರ್ತಿ ನರೆತಿದೆ. ಇಬ್ಬರೂ ನಿಂತು ಕಬ್ಬಿನ ಹಾಲು ಕುಡಿದೆವು. ದೇವರ ಬಗ್ಗೆ ಈಗ ಏನನ್ನಿಸುತ್ತದೆ ಎಂದು ಕೇಳಿದೆ. ಅವರು ಲೋಟದ ತಳದ ನೊರೆ ನೋಡುತ್ತಾ ಯೋಚಿಸಿದರು.

"ಮೊದ್ಲು ಅವನ ಮನಸ್ಸಲ್ಲಿ ಏನಿದೆ ಅಂತ ನಂಗೆ ಪೂರ್ತಿ ಗೊತ್ತು ಅಂದ್ಕೊಂಡಿದ್ದೆ ಮಗಳೇ. ಈಗ ಗೊತ್ತಿಲ್ಲ. ಆದ್ರೆ ಬೆಳಿಗ್ಗೆ ಗಾಡಿ ತೆಗೆಯುವಾಗ ಅವನ ಜೊತೆ ಮಾತಾಡ್ತೀನಿ. ಏನೂ ಕೇಳಲ್ಲ. ಸುಮ್ನೆ ಮಾತಾಡ್ತೀನಿ," ಅಂದರು.

ಅಷ್ಟರಲ್ಲಿ ಯಾರೋ ಸೂಟ್‌ಕೇಸ್ ಹಿಡಿದವರು ಬಾಡಿಗೆ ಬರ್ತೀರಾ ಎಂದು ಕೇಳಿದರು. ಅಂಕಲ್ ಬಾಯಿ ಒರೆಸಿಕೊಂಡು, ಬರ್ತೀನಿ ಎಂದು ಅವರ ಸೂಟ್‌ಕೇಸಿಗೆ ಕೈ ಹಾಕಿದರು.